ಆಕಾಶಕ್ಕೇರಿದರೂ ಬಿಡದ ಅತ್ತೆಮನೆ



ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಉದ್ಘಾಟನೆ ಆದದ್ದು 2023ರ ಫೆಬ್ರವರಿ 27ರಂದು. ಅದೇ ವರ್ಷದ ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬಂದಿಳಿಯತೊಡಗಿತು. ಅಲ್ಲಿಂದೀಚೆಗೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಹೆಣ್ಣುಮಕ್ಕಳ ಬಾಯಲ್ಲಿ ಒಂದು ಹೊಸ ಮಾತು ಕೇಳುತ್ತಿದ್ದೇನೆ. ಪಿಯುಸಿ ಮುಗಿಸಿದವರನ್ನು ಮುಂದೇನು ಎಂದರೆ ಹಿಂದೆ ಡಿ.ಎಡ್. ಎನ್ನುತ್ತಿದ್ದರು, ಆಮೇಲೆ ನರ್ಸಿಂಗ್ ಎನ್ನುತ್ತಿದ್ದರು. ಈಗ ಗುಂಪಿನಲ್ಲಿ ಒಬ್ಬಳಾದರೂ "ಏರ್ ಹೋಸ್ಟೆಸ್" ಎನ್ನುತ್ತಾಳೆ. ಅದೂ ಇಲ್ಲಿಯ ಕಂಪನಿಯಲ್ಲ, ದುಬೈ, ಕತಾರ್. ಹೊಲದಲ್ಲಿ ಶುಂಠಿ ಕೀಳುತ್ತಿರುವ ತಾಯಿಯ ತಲೆಯ ಮೇಲೆ ವಿಮಾನ ಹಾರಿಹೋದರೆ ಮಗಳಿಗೆ ಕನಸು ಬೀಳುವುದು ಸಹಜ. ಕನಸು ಕಾಣುವ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ.

ಸೊರಬದ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದೆ. ಸದಸ್ಯೆಯೊಬ್ಬರು ಮಗಳನ್ನು ಇಂಥದೊಂದು ತರಬೇತಿಗೆ ಸೇರಿಸಲು ಸಂಘದಿಂದ ದೊಡ್ಡ ಮೊತ್ತದ ಸಾಲ ಕೇಳಿದ್ದರು. ಸಭೆ ಎರಡು ಪಾಲಾಯಿತು. "ಹೆಣ್ಣುಹುಡುಗಿ ಕೆಟ್ಟು ಹೋಗ್ತಾಳೆ, ಬೇಡ" ಎಂದು ಒಂದು ಪಕ್ಷ. "ಕೊಡಿ, ಅಂಥ ಕೆಲಸ ಸಿಕ್ಕರೆ ವರದಕ್ಷಿಣೆ ಕೊಡೋ ಪ್ರಸಂಗವೇ ಬರಲ್ಲ" ಎಂದು ಇನ್ನೊಂದು ಪಕ್ಷ. ನಾನು ಈ ಎರಡೂ ಪಕ್ಷಗಳ ವಿರುದ್ಧ ಬರೆಯುತ್ತಿದ್ದೇನೆ. ಮೊದಲನೆಯವರಿಗೆ ಉತ್ತರ ಚಿಕ್ಕದು, ಎರಡನೆಯವರಿಗೆ ಉದ್ದ. ಯಾಕೆಂದರೆ ಎರಡನೆಯವರು ನಮ್ಮವರೇ. ನಾವೇ ಇಪ್ಪತ್ತು ಮೂವತ್ತು ವರ್ಷ ವೇದಿಕೆ ಹತ್ತಿ "ಹೆಣ್ಣು ದುಡಿದರೆ ಸ್ವತಂತ್ರಳಾಗುತ್ತಾಳೆ" ಎಂದು ಹೇಳಿಕೊಟ್ಟ ಪಾಠವನ್ನೇ ಅವರು ಒಪ್ಪಿಸುತ್ತಿದ್ದಾರೆ.

ಕೆಟ್ಟು ಹೋಗುತ್ತಾಳೆ ಎನ್ನುವವರಿಗೆ ನೀರಜಾ ಭಾನೋಟ್ ಎಂಬ ಹೆಣ್ಣುಮಗಳ ಸಂಗತಿ ಹೇಳಬೇಕು. ಆಕೆಗೆ 1985ರಲ್ಲಿ ಕೊಲ್ಲಿ ದೇಶದಲ್ಲಿದ್ದ ಹುಡುಗನ ಜೊತೆ ಮದುವೆಯಾಯಿತು. ವರದಕ್ಷಿಣೆಯ ಕಾಟ ತಡೆಯಲಾರದೆ ಎರಡು ತಿಂಗಳಲ್ಲಿ ತವರಿಗೆ ಹಿಂತಿರುಗಿದಳು. ನಮ್ಮಲ್ಲಾದರೆ "ಹೊಂದಿಕೊಂಡು ಹೋಗು" ಎಂದು ಬಸ್ಸು ಹತ್ತಿಸಿ ವಾಪಸ್ ಕಳಿಸುತ್ತಿದ್ದರು. ಆಕೆ ಅಮೆರಿಕದ ಪ್ಯಾನ್ ಆಮ್ ಕಂಪನಿಗೆ ಅರ್ಜಿ ಹಾಕಿ ಕೆಲಸಕ್ಕೆ ಸೇರಿದಳು. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಭಯೋತ್ಪಾದಕರು ಆ ವಿಮಾನವನ್ನು ವಶಪಡಿಸಿಕೊಂಡಾಗ ಪ್ರಯಾಣಿಕರನ್ನು ಹೊರಗೆ ದಾಟಿಸುತ್ತಾ ಗುಂಡಿಗೆ ಬಲಿಯಾದಳು. ಇಪ್ಪತ್ತಮೂರು ತುಂಬಲು ಎರಡೇ ದಿನ ಬಾಕಿಯಿತ್ತು. ಭಾರತ ಸರಕಾರ ಅಶೋಕ ಚಕ್ರ ಕೊಟ್ಟಿತು. ಆಕೆಯ ಹೆಸರಿನಲ್ಲಿ ಮನೆಯವರು ಟ್ರಸ್ಟ್ ಕಟ್ಟಿ, ವರದಕ್ಷಿಣೆಯಂಥ ಅನ್ಯಾಯವನ್ನು ಎದುರಿಸಿ ನಿಂತು ಇತರ ಹೆಂಗಸರಿಗೂ ನೆರವಾದವರಿಗೆ ಪ್ರಶಸ್ತಿ ಕೊಡುವ ಏರ್ಪಾಡು ಮಾಡಿದರು. ಕೆಟ್ಟದ್ದು ಯಾವುದು, ಆಕೆಯ ಕೆಲಸವೇ, ಆಕೆಯ ಮದುವೆಯೇ? ಗಂಡನ ಮನೆಯಲ್ಲಿ ಸುಟ್ಟುಹೋದ ಹೆಣ್ಣುಮಕ್ಕಳ ಸುದ್ದಿಯನ್ನು ಇದೇ ಪತ್ರಿಕೆಯ ಪುಟಗಳಲ್ಲಿ ಓದಿದವರು ವಿಮಾನದಲ್ಲಿ ಹೆಣ್ಣು ಕೆಡುತ್ತಾಳೆ ಎಂದು ಹೆದರುವುದನ್ನು ನೋಡಿದರೆ ನಗು ಬರುವುದೂ ಇಲ್ಲ.

ನಮ್ಮ ಪತ್ರಿಕೆಗಳು ಈ ಕೆಲಸಗಾರ್ತಿಯರಿಗೆ "ಗಗನಸಖಿ" ಎಂದು ಹೆಸರಿಟ್ಟಿವೆ. ಯಾರಿಗೆ ಸಖಿ? ಗಂಡಸು ಅದೇ ಕೆಲಸ ಮಾಡಿದರೆ ಅವನನ್ನು ಯಾರೂ ಗಗನಸಖ ಎನ್ನುವುದಿಲ್ಲ. ಬೆಂಕಿ ಬಿದ್ದರೆ ನಂದಿಸುವುದು, ಎದೆಬಡಿತ ನಿಂತವನಿಗೆ ಎದೆ ಒತ್ತಿ ಉಸಿರು ಕೊಡುವುದು, ತುರ್ತು ಬಾಗಿಲು ತೆಗೆದು ಜನರನ್ನು ಹೊರಗೆ ದಾಟಿಸುವುದು ಅವಳ ಮೂಲ ಕೆಲಸ. ಕಾಫಿ ಕೊಡುವುದು ಆಮೇಲಿನದು. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಕಣಿವೆಗೆ ಉರುಳಿದಾಗ 158 ಜನ ಸತ್ತರು, ಬದುಕಿದವರು ಎಂಟೇ ಜನ. ಆ ಎಂಟರಲ್ಲಿ ಸಿಬ್ಬಂದಿ ಒಬ್ಬರೂ ಇರಲಿಲ್ಲ. ಇಂಥ ಕೆಲಸಕ್ಕೆ ಸಖಿ ಎಂಬ ಹೆಸರಿಡುವುದರಲ್ಲೇ ಅವಳನ್ನು ಕೆಲಸಗಾರ್ತಿಯೆಂದು ಎಣಿಸದಿರುವ ಹುನ್ನಾರವಿದೆ. ಸಖಿಗೆ ಕೆಲಸದ ಹೊತ್ತಿನ ಲೆಕ್ಕ ಬೇಡ, ಬಾಣಂತನದ ರಜೆ ಬೇಡ, ಸಂಘ ಬೇಡ. ಅವಳು ಎಳೆಯಳಾಗಿರಬೇಕು, ತೆಳ್ಳಗಿರಬೇಕು, ಮದುವೆಯಾಗದಿರಬೇಕು.

ಮದುವೆಯಾಗದಿರಬೇಕು ಎಂಬುದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. ಕತಾರ್ ಏರ್‌ವೇಸ್ ಕಂಪನಿಯ ಕರಾರು ಪತ್ರದಲ್ಲಿ ಹತ್ತು ವರ್ಷದ ಹಿಂದೆ ಏನಿತ್ತು ಎಂಬುದು ಜಗತ್ತಿನ ಮುಂದೆ ಬಯಲಾಗಿದೆ. ಮದುವೆಯಾಗಬೇಕಾದರೆ ಕಂಪನಿಯ ಅನುಮತಿ ಪಡೆಯಬೇಕು. ಬಸುರಿಯಾದರೆ ಕೂಡಲೇ ತಿಳಿಸಬೇಕು. ತಿಳಿಸಿದ ದಿನವೇ ಕೆಲಸದಿಂದ ತೆಗೆದುಹಾಕುವ ಹಕ್ಕು ಕಂಪನಿಯದು. ತಿಳಿಸದೆ ಮುಚ್ಚಿಟ್ಟರೆ ಕರಾರು ಮುರಿದ ಅಪರಾಧ. ಕಂಪನಿಯ ಆವರಣಕ್ಕೆ ಹೆಣ್ಣು ಕೆಲಸಗಾರ್ತಿಯನ್ನು ಬಿಡಲು ಅಥವಾ ಕರೆದೊಯ್ಯಲು ಅಪ್ಪ, ಅಣ್ಣತಮ್ಮ, ಗಂಡ ಇವರನ್ನು ಬಿಟ್ಟು ಬೇರೆ ಗಂಡಸು ಬರುವಂತಿಲ್ಲ. ವಾಸಕ್ಕೆ ಕಂಪನಿಯದೇ ಕಟ್ಟಡ, ಬಾಗಿಲಲ್ಲಿ ಕಾವಲು, ರಾತ್ರಿ ಇಂತಿಷ್ಟು ಹೊತ್ತಿಗೆ ಒಳಗಿರಬೇಕು, ಬೇರೆ ಕಡೆ ಮಲಗುವಂತಿಲ್ಲ.

ಈ ಪಟ್ಟಿ ಓದಿದಾಗ ನಿಮಗೆ ಯಾವ ಮನೆ ನೆನಪಾಯಿತು? ನನಗೆ ನೆನಪಾದದ್ದು ನಮ್ಮದೇ ಬೀದಿಯ ಮನೆಗಳು. ಯಾವಾಗ ಮದುವೆ, ಯಾವಾಗ ಬಸಿರು, ಯಾರ ಜೊತೆ ಬಸ್ಸು ಹತ್ತಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು — ಇದನ್ನೆಲ್ಲ ಗೊತ್ತುಮಾಡುವವರು ಅವಳನ್ನುಳಿದು ಎಲ್ಲರೂ. ಅಪ್ಪ, ಅಣ್ಣ, ಗಂಡ ಎಂಬ ಮೂರು ಹೆಸರನ್ನು ಕಂಪನಿಯ ವಕೀಲರು ಎಲ್ಲಿಂದ ತಂದರು? ಹೆಣ್ಣನ್ನು ಬಾಲ್ಯದಲ್ಲಿ ತಂದೆ, ಯೌವನದಲ್ಲಿ ಗಂಡ, ಮುಪ್ಪಿನಲ್ಲಿ ಮಗ ಕಾಯಬೇಕೆಂದ ನಮ್ಮ ಮನುವಿಗೂ ದೋಹಾದ ಕಚೇರಿಗೂ ಪತ್ರ ವ್ಯವಹಾರವೇನೂ ಇರಲಿಲ್ಲ. ಪಿತೃಪ್ರಧಾನ ವ್ಯವಸ್ಥೆಗೆ ಪಾಸ್‌ಪೋರ್ಟ್ ಬೇಕಿಲ್ಲ.

ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟವೂ ಕಾರ್ಮಿಕ ಸಂಘಗಳ ಅಂತರರಾಷ್ಟ್ರೀಯ ಮಹಾಒಕ್ಕೂಟವೂ 2014ರಲ್ಲಿ ಈ ಕರಾರಿನ ವಿರುದ್ಧ ಐಎಲ್‌ಒಗೆ, ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ, ದೂರು ಕೊಟ್ಟವು. ಕೆಲಸದಲ್ಲಿ ತಾರತಮ್ಯ ಮಾಡುವುದಿಲ್ಲವೆಂಬ 111ನೇ ಒಡಂಬಡಿಕೆಗೆ ಕತಾರ್ ದೇಶವೂ ಸಹಿ ಹಾಕಿತ್ತು. 2015ರ ಜೂನ್‌ನಲ್ಲಿ ಐಎಲ್‌ಒ ತನ್ನ ವರದಿ ಕೊಟ್ಟಿತು: ಬಸುರಿಯನ್ನು ತೆಗೆದುಹಾಕುವ ನಿಯಮವೂ, ಅಪ್ಪ-ಅಣ್ಣ-ಗಂಡ ಬಿಟ್ಟು ಬೇರೆಯವರು ಬಿಡಲು ಬರಬಾರದೆಂಬ ನಿಯಮವೂ ಹೆಣ್ಣಿನ ವಿರುದ್ಧದ ತಾರತಮ್ಯವೇ. ಕಂಪನಿಯ ಮುಖ್ಯಸ್ಥರು ಮೊದಲು ಐಎಲ್‌ಒವನ್ನೇ ಹೀಗಳೆದರು. ಆದರೂ ಆ ವರ್ಷದ ಆಗಸ್ಟ್ ಹೊತ್ತಿಗೆ ಕರಾರು ಬದಲಾಯಿತು. ಮದುವೆಗೆ ಅನುಮತಿ ಬೇಡ, ತಿಳಿಸಿದರೆ ಸಾಕು. ಬಸುರಿಯಾದರೆ ನೆಲದ ಮೇಲಿನ ತಾತ್ಕಾಲಿಕ ಕೆಲಸ ಕೇಳಬಹುದು ಎಂದಾಯಿತು. ಕೂಗಿದರೆ ಆಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ಆದರೆ ಕೂಗಿದವರು ಯಾರು ನೋಡಿ. ಯುರೋಪಿನ ಸಂಘಗಳು, ಸ್ವೀಡನ್ನಿನ ಪತ್ರಿಕೆ. ಒಳಗಿದ್ದ ಹುಡುಗಿಯರು ಹೆಸರು ಹೇಳಿಕೊಂಡು ಕೂಗುವಂತಿರಲಿಲ್ಲ. ಆ ದೇಶದಲ್ಲಿ ಹೊರಗಿನಿಂದ ದುಡಿಯಲು ಬಂದವರು ಕಾರ್ಮಿಕ ಸಂಘ ಕಟ್ಟುವಂತಿಲ್ಲ.

ಕೊಲ್ಲಿ ದೇಶಗಳಲ್ಲಿ ಕಫಾಲಾ ಎಂಬ ಪದ್ಧತಿ ಬಹುಕಾಲ ನಡೆದುಬಂದಿದೆ. ದುಡಿಯಲು ಬಂದವರ ಹೊಣೆಯೆಲ್ಲ ಒಡೆಯನದು. ಅವನು ಒಪ್ಪದೆ ಕೆಲಸ ಬಿಡುವಂತಿಲ್ಲ, ದೇಶ ಬಿಡುವಂತಿಲ್ಲ. ಕತಾರ್ 2018ರಲ್ಲಿ ಬಹುಪಾಲು ಕೆಲಸಗಾರರಿಗೆ ದೇಶ ಬಿಡುವ ಅನುಮತಿಯ ಕಟ್ಟಳೆ ತೆಗೆಯಿತು. 2020ರಲ್ಲಿ ಕೆಲಸ ಬದಲಿಸಲು ಒಡೆಯನ ಒಪ್ಪಿಗೆ ಪತ್ರ ಬೇಡವೆಂದಿತು. ಕಾಗದದ ಮೇಲೆ ಇದು ದೊಡ್ಡ ಬದಲಾವಣೆ. ಆದರೆ ಅದೇ 2020ರ ಅಕ್ಟೋಬರ್ 2ರಂದು ದೋಹಾ ವಿಮಾನ ನಿಲ್ದಾಣದ ಕಸದ ಬುಟ್ಟಿಯಲ್ಲಿ ಆಗತಾನೇ ಹುಟ್ಟಿದ ಕೂಸು ಸಿಕ್ಕಿತೆಂದು, ಹೊರಡಲಿದ್ದ ವಿಮಾನಗಳಿಂದ ಪ್ರಯಾಣಿಕ ಹೆಂಗಸರನ್ನು ಇಳಿಸಿ, ಒಪ್ಪಿಗೆ ಕೇಳದೆ ದೇಹ ಪರೀಕ್ಷೆ ಮಾಡಿದರು. ಮದುವೆಯಿಲ್ಲದೆ ಬಸುರಾಗುವುದು ಅಪರಾಧವೆನ್ನುವ ಕಾನೂನಿರುವಲ್ಲಿ ಹೆರುವವಳು ಶೌಚಾಲಯಕ್ಕೆ ಓಡುತ್ತಾಳೆ, ಉಳಿದ ಹೆಂಗಸರೆಲ್ಲ ಅಪರಾಧಿಗಳಾಗಿ ಸಾಲು ನಿಲ್ಲುತ್ತಾರೆ. ಕರಾರಿನ ಕಾಗದ ಓದುವಾಗ ಆ ದೇಶದ ಕಾನೂನನ್ನೂ ಸೇರಿಸಿ ಓದಬೇಕು ಎನ್ನುವುದು ಇದಕ್ಕೇ.

"ಅದು ಸಾಬರ ದೇಶ, ಅಲ್ಲಿ ಹಾಗೇ" ಎಂದು ಮೂಗು ಮುರಿಯಲು ಕೆಲವರು ಕಾಯುತ್ತಿರುತ್ತಾರೆ. ತಾಳಿ. ಆಗ ಸರಕಾರದ್ದೇ ಆಗಿದ್ದ ನಮ್ಮ ಏರ್ ಇಂಡಿಯಾದಲ್ಲಿ ಏನಿತ್ತು? ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ. ಮೊದಲ ಬಸಿರಿಗೇ ಮನೆಗೆ. ಎರಡೂ ಆಗದಿದ್ದರೆ 35 ವರ್ಷಕ್ಕೆ ಮನೆಗೆ. ಆಮೇಲೆ ಒಂದೊಂದು ವರ್ಷ ಮುಂದುವರಿಸುವುದು ದೊಡ್ಡ ಸಾಹೇಬರ ಮರ್ಜಿ. ಅದೇ ವಿಮಾನದಲ್ಲಿ ದುಡಿಯುವ ಗಂಡಸು ಪರ್ಸರ್‌ಗೆ 58 ವರ್ಷದ ತನಕ ಕೆಲಸ. ನರ್ಗೇಶ್ ಮಿರ್ಜಾ ಮತ್ತು ಜೊತೆಯವರು ಕೋರ್ಟಿಗೆ ಹೋದರು. 1981ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೊದಲ ಬಸಿರಿಗೆ ಕೆಲಸದಿಂದ ತೆಗೆಯುವುದು ಭಾರತೀಯ ಸ್ತ್ರೀತ್ವಕ್ಕೇ ಅವಮಾನವೆಂಬರ್ಥದ ದೊಡ್ಡ ಮಾತು ಹೇಳಿ ಅದನ್ನು ಹೊಡೆದುಹಾಕಿತು. ಆದರೆ ನಾಲ್ಕು ವರ್ಷ ಮದುವೆ ಕೂಡದೆಂಬುದನ್ನು ಎತ್ತಿಹಿಡಿಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಹುಡುಗಿಯ ಆರೋಗ್ಯವಿತ್ತು, ಕುಟುಂಬ ಯೋಜನೆಗೆ ಅನುಕೂಲ ಎಂಬುದೂ ಇತ್ತು! ಸಂತಾನ ನಿಯಂತ್ರಣದ ಭಾರವನ್ನು ದೇಶದ ಕೋಟಿ ಕೋಟಿ ಗಂಡಸರನ್ನು ಬಿಟ್ಟು ಆ ಕೆಲವು ಹುಡುಗಿಯರ ತಲೆಗೆ ಕಟ್ಟಿದ ನ್ಯಾಯಮೂರ್ತಿಗಳ ಜಾಣತನಕ್ಕೆ ಏನು ಹೇಳೋಣ? ಅಮೆರಿಕದ ಕಂಪನಿಗಳೂ 1960ರ ದಶಕದವರೆಗೆ ಮದುವೆಯಾದವಳನ್ನು ಕೆಲಸದಿಂದ ಬಿಡಿಸುತ್ತಿದ್ದವು. ದೇಶ, ಧರ್ಮ ಯಾವುದೇ ಇರಲಿ, ಹೆಣ್ಣಿನ ಗರ್ಭಕ್ಕೆ ಬೀಗ ಹಾಕಿ ಕೀಲಿಕೈ ತಾನಿಟ್ಟುಕೊಳ್ಳುವ ಆಸೆ ಒಡೆಯನಿಗೆ ಇದ್ದೇ ಇರುತ್ತದೆ. ಅವನು ಕಂಪನಿಯಾಗಲಿ, ಗಂಡನಾಗಲಿ.

ಈಗ ಎರಡನೆಯ ಪಕ್ಷದ ಮಾತಿಗೆ ಬರುತ್ತೇನೆ. ದುಡಿಯುವ ಹುಡುಗಿಗೆ ವರದಕ್ಷಿಣೆ ಬೇಡ ಎನ್ನುವ ಮಾತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಬುದ್ಧಿವಂತೆ, ಹೊರದೇಶದ ಒಂದು ವಿಮಾನ ಕಂಪನಿಯಲ್ಲಿ ಆರು ವರ್ಷ ದುಡಿದಳು. ಯಾವ ಕಂಪನಿ, ಯಾವ ಊರಿನವಳು ಎಂಬುದು ಇಲ್ಲಿ ಬೇಡ. ಅವಳ ಸಂಬಳ ಎಲ್ಲಿ ಹೋಯಿತೆಂಬ ಲೆಕ್ಕವನ್ನು ಅವಳೇ ನನ್ನ ಮುಂದೆ ಒಂದು ಹಾಳೆಯ ಮೇಲೆ ಬರೆದಳು. ಮೊದಲ ವರ್ಷ ತರಬೇತಿಗೆ ಮಾಡಿದ ಸಾಲ ಮತ್ತು ಬಡ್ಡಿ. ಎರಡನೆಯ ವರ್ಷ ಅಪ್ಪ ಶುಂಠಿ ಹಾಕಿ ಕಳೆದುಕೊಂಡದ್ದರ ಸಾಲ. ಆಮೇಲೆ ಹೆಂಚು ತೆಗೆಸಿ ಆರ್‌ಸಿಸಿ ಮನೆ, ತಮ್ಮನ ಓದು, ತಮ್ಮನ ಬೈಕು. ಕೊನೆಯ ಎರಡು ವರ್ಷದ ಸಂಬಳ ಅಪ್ಪನ ಖಾತೆಯಲ್ಲಿ "ಅವಳ ಮದುವೆಗೆ" ಎಂದು ಕೂತಿತ್ತು. ಆರು ವರ್ಷ ದುಡಿದವಳ ಸ್ವಂತ ಹೆಸರಿನಲ್ಲಿ ಇದ್ದದ್ದು ಒಂದು ಸೂಟ್‌ಕೇಸು.

ಹೆಣ್ಣು ನೋಡಲು ಬಂದವರು ಮೂರು ಮಾತು ಆಡಿದರು. ಒಂದು, ಹುಡುಗಿ ಎಷ್ಟು ಲಕ್ಷ ಉಳಿಸಿದ್ದಾಳೆ? ಎರಡು, ಮದುವೆಯಾದ ಮೇಲೆ ಕೆಲಸ ಬಿಡಬೇಕು, ಸೊಸೆಯ ದುಡಿಮೆಯಲ್ಲಿ ಬದುಕುವ ಮನೆತನ ನಮ್ಮದಲ್ಲ. ಮೂರನೆಯದು ಎದುರಿಗೆ ಆಡಿದ್ದಲ್ಲ. ಮಧ್ಯಸ್ತಿಕೆಯವನ ಬಾಯಲ್ಲಿ ಹೇಳಿಕಳಿಸಿದ್ದು. ಹುಡುಗಿ ಹೊರದೇಶದಲ್ಲಿ ಒಬ್ಬಳೇ ಇದ್ದು ಬಂದವಳು, ನಾಲ್ಕು ಜನ ನಾಲ್ಕು ಮಾತಾಡುತ್ತಾರೆ, ಅದನ್ನೆಲ್ಲ ನುಂಗಿಕೊಂಡು ಮಾಡಿಕೊಳ್ಳುತ್ತೇವೆ, ಆದ್ದರಿಂದ ಬಂಗಾರ ಸ್ವಲ್ಪ ಜಾಸ್ತಿಯಾಗಬೇಕು. ನೋಡಿದಿರಾ ಲೆಕ್ಕಾಚಾರ! ಸೊಸೆಯ ಮುಂದಿನ ದುಡಿಮೆ ಬೇಡ, ಹಿಂದಿನ ದುಡಿಮೆ ಬೇಕು. ಅವಳು ದುಡಿದದ್ದೇ ಅವಳ ಕಳಂಕ, ಆ ಕಳಂಕ ತೊಳೆಯಲು ಅವಳು ದುಡಿದ ಹಣವೇ ಬೇಕು. ಮನೆಯಲ್ಲಿ ಕೂತ ಹುಡುಗಿಗಿಂತ ಹೆಚ್ಚು ಕೊಟ್ಟು ಈ ಹುಡುಗಿಯ ಮದುವೆಯಾಯಿತು.

ಎರಡು ವರ್ಷದ ಮೇಲೆ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನನ್ನ ಮನೆಗೆ ಬಂದಳು. ಗಂಡನಿಗೆ ಅಂಗಡಿ ಹಾಕಲು ಇನ್ನೂ ಹಣ ಬೇಕಿತ್ತು. "ಆಕಾಶದಲ್ಲಿ ಕಂಡಕಂಡವರಿಗೆಲ್ಲ ಟ್ರೇ ಹಿಡಿದವಳಿಗೆ ಇಲ್ಲಿ ನಮ್ಮ ಮುಂದೆ ಲೋಟ ಇಡೋಕೆ ಸೊಕ್ಕಾ" ಎನ್ನುವುದು ಆ ಮನೆಯಲ್ಲಿ ದಿನದ ಮಾತಾಗಿತ್ತಂತೆ. ಸಿಡಿಪಿಒ ಕಚೇರಿಗೆ ಅವಳ ಜೊತೆ ನಾನೇ ಹೋದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣಾಧಿಕಾರಿಯ ಮೂಲಕ ಅರ್ಜಿ ಹೋಯಿತು. ಕೇಸು ನಡೆಯುತ್ತಿದೆ. ಆ ಕಾಯ್ದೆಯಲ್ಲಿ ಹೊಡೆತ ಬಡಿತ ಮಾತ್ರವಲ್ಲ, ಆರ್ಥಿಕ ದೌರ್ಜನ್ಯವೂ ಹಿಂಸೆಯೇ ಎಂದಿದೆ: ಹೆಣ್ಣಿನ ಹಣ, ಸ್ತ್ರೀಧನ ಕಸಿದುಕೊಳ್ಳುವುದು, ಅವಳಿಗೆ ಸಲ್ಲಬೇಕಾದ್ದನ್ನು ತಡೆಹಿಡಿಯುವುದು. ಸ್ತ್ರೀಧನ ಅವಳೊಬ್ಬಳದೇ, ಗಂಡನ ಮನೆಯವರು ಅದನ್ನು ನುಂಗಿದರೆ ನಂಬಿಕೆದ್ರೋಹದ ಅಪರಾಧ ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಹಿಂದೆ 498ಎ ಎಂದು ನಾವು ಬಾಯಿಪಾಠ ಮಾಡಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯದಾಗಿದೆ. ನಂಬರು ಬದಲಾಗಿದೆ, ಅಪರಾಧ ಅದೇ. ಆದರೆ ತವರುಮನೆಯಲ್ಲಿ ಅವಳ ಸಂಬಳ ಆರು ವರ್ಷ ಕರಗಿಹೋಯಿತಲ್ಲ, ಅದನ್ನು ಯಾವ ಕಲಮಿನಲ್ಲಿ ಕೇಳುವುದು? ಅಪ್ಪ ಕೆಟ್ಟವನಲ್ಲ. ಮಗಳ ಹಣ ತನ್ನದೇ ಎಂದು ಅವನು ನಂಬಿದ್ದ, ಅಷ್ಟೇ. ಅವಳೂ ನಂಬಿದ್ದಳು.

ಆದ್ದರಿಂದ ನಾನು ಹೇಳುವುದು ಇಷ್ಟು. ದುಡಿಮೆ ತಾನಾಗಿಯೇ ಹೆಣ್ಣನ್ನು ಬಿಡಿಸುವುದಿಲ್ಲ. ಯಾರು ಬರೆದ ನಿಯಮದೊಳಗೆ ದುಡಿದಳು, ದುಡಿದದ್ದು ಯಾರ ಕೈಸೇರಿತು ಎಂಬುದರ ಮೇಲೆ ಅದು ನಿಂತಿದೆ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ "ಸುಮಂಗಲಿ" ಎಂಬ ಯೋಜನೆಯ ಹೆಸರಲ್ಲಿ ಹದಿಹರೆಯದ ಹುಡುಗಿಯರನ್ನು ವರ್ಷಗಟ್ಟಲೆ ಹಾಸ್ಟೆಲಿನಲ್ಲಿ ಕೂಡಿಹಾಕಿ ದುಡಿಸಿ, ಕೊನೆಯಲ್ಲಿ ಮದುವೆಗೆ ಆಗುವಷ್ಟು ಒಂದು ಗಂಟು ಕೊಡುವುದಾಗಿ ಆಸೆ ತೋರಿಸುತ್ತಿದ್ದರು. ಮಧ್ಯದಲ್ಲಿ ಬಿಟ್ಟವರಿಗೆ ಆ ಗಂಟು ಇಲ್ಲ. ಮದುವೆಯಾಗದವಳೇ ಬೇಕು, ಬೀಗದೊಳಗೆ ಇರಬೇಕು, ವರದಕ್ಷಿಣೆಗಾಗಿ ದುಡಿಯಬೇಕು. ನೂಲಿನ ಗಿರಣಿಯಲ್ಲಿ ಹತ್ತಿಯ ಧೂಳು, ವಿಮಾನದಲ್ಲಿ ತುಟಿಗೆ ಬಣ್ಣ. ಮದುವೆಯಾಗದ ಹೆಣ್ಣಿನ ಏಳೆಂಟು ವರ್ಷವನ್ನು ಹಿಂಡಿಕೊಂಡು ಸಿಪ್ಪೆಯನ್ನು ಮದುವೆಯ ಪೇಟೆಗೆ ಕಳಿಸುವ ವ್ಯವಹಾರ ಎರಡೂ ಕಡೆ ಒಂದೇ. ವರದಕ್ಷಿಣೆ ಇರುವ ತನಕ ಇಂಥ ಕರಾರಿಗೆ ಸಹಿ ಹಾಕಲು ಹುಡುಗಿಯರ ಕೊರತೆಯಾಗದು ಎಂದು ಆ ಮಾಲೀಕರಿಗೆ ಚೆನ್ನಾಗಿ ಗೊತ್ತು.

ಕೂಡಿ ನಿಂತರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆಗಳಿವೆ. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ತಮ್ಮದೇ ಭವಿಷ್ಯನಿಧಿಯ ಹಣವನ್ನು ತೆಗೆಯಲು ಕೇಂದ್ರ ಸರಕಾರ ಅಡ್ಡಿ ಹಾಕಿದ್ದ ನಿಯಮವನ್ನು ವಿರೋಧಿಸಿ ಬಂದವರು. ಎರಡನೆಯ ದಿನವೇ ಸರಕಾರ ಆ ನಿಯಮ ಹಿಂತೆಗೆದುಕೊಂಡಿತು. ಅವರಲ್ಲಿ ನಮ್ಮ ಮಲೆನಾಡಿನಿಂದ, ಬಯಲುಸೀಮೆಯಿಂದ ಹೋದ ಹೆಣ್ಣುಮಕ್ಕಳೂ ಇದ್ದರು. ಇತ್ತ ವಿಮಾನದ ವಿಷಯಕ್ಕೆ ಬಂದರೆ, 2025ರ ಆಗಸ್ಟ್‌ನಲ್ಲಿ ಕೆನಡಾದ ಏರ್ ಕೆನಡಾ ಕಂಪನಿಯ ಹತ್ತು ಸಾವಿರಕ್ಕೂ ಹೆಚ್ಚು ಸಿಬ್ಬಂದಿ ಮುಷ್ಕರ ಹೂಡಿದರು. ವಿಮಾನ ಕದಲಿದ ಮೇಲಿನ ಹೊತ್ತಿಗಷ್ಟೇ ಸಂಬಳ ಎಣಿಸಿ, ಅದಕ್ಕೆ ಮುಂಚೆ ಪ್ರಯಾಣಿಕರನ್ನು ಹತ್ತಿಸಿ ಕೂರಿಸುವ ಹೊತ್ತನ್ನು ಬಿಟ್ಟಿಯಾಗಿ ದುಡಿಸುವುದು ನಿಲ್ಲಬೇಕೆಂಬುದು ಅವರ ದೊಡ್ಡ ಬೇಡಿಕೆಯಾಗಿತ್ತು. ಬಿಟ್ಟಿ ದುಡಿಮೆ ಎಂದರೇನೆಂದು ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುವ ನಿಮಗೆ ನಾನು ವಿವರಿಸಬೇಕಿಲ್ಲ. ಸಂಘ ಕಟ್ಟಲು ಬಿಡುವ ದೇಶದಲ್ಲಿ ಅವರು ಕೇಳಿದರು. ಸಂಘವನ್ನೇ ಕಟ್ಟಗೊಡದ ದೇಶಕ್ಕೆ ಮಗಳನ್ನು ಕಳಿಸುವಾಗ ಅವಳ ಪರವಾಗಿ ಕೇಳುವ ಸಂಘ ಇಲ್ಲಿರಬೇಕು. ಅದು ನಮ್ಮ ಸಂಘ ಯಾಕಾಗಬಾರದು?

ಉಡುತಡಿ ಇರುವುದು ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ. ಅಕ್ಕಮಹಾದೇವಿಯ ಜಯಂತಿಗೆ ಹಾರ ಹಾಕುತ್ತೇವೆ, ಹಾಡು ಹೇಳಿಸುತ್ತೇವೆ. ಹರಿಹರನ ರಗಳೆಯಲ್ಲಿ ಒಂದು ಸಂಗತಿ ಬರುತ್ತದೆ, ಅದನ್ನು ಭಾಷಣಗಳಲ್ಲಿ ಯಾಕೋ ಯಾರೂ ಎತ್ತುವುದಿಲ್ಲ. ಕೌಶಿಕ ರಾಜ ಮದುವೆಗೆ ಒತ್ತಾಯಿಸಿದಾಗ ಅಕ್ಕ ಮೊದಲು ತನ್ನ ಷರತ್ತು ಹಾಕಿದಳು. ತನ್ನಿಚ್ಛೆಯಂತೆ ಪೂಜೆ ಮಾಡುತ್ತೇನೆ, ತನ್ನಿಚ್ಛೆಯಂತೆ ಶರಣರ ಜೊತೆ, ಗುರುವಿನ ಜೊತೆ ಇರುತ್ತೇನೆ, ಅಡ್ಡ ಬರಬಾರದು ಎಂದು. ಅವನು ತಪ್ಪಿದ್ದನ್ನು ಒಂದು, ಎರಡು ಎಂದು ಎಣಿಸುತ್ತ ಹೋದಳು. ಮೂರನೆಯ ಸಲ ತಪ್ಪಿದಾಗ ಅರಮನೆ ಬಿಟ್ಟು ಹೊರಟಳು. ಎಂಟುನೂರು ವರ್ಷಕ್ಕೂ ಹಿಂದೆ ನಮ್ಮ ನೆಲದ ಹುಡುಗಿಯೊಬ್ಬಳು ರಾಜನಿಗೇ ಕರಾರು ಹೇಳಿದಳು ಎಂದಮೇಲೆ, ಪಿಯುಸಿ ಓದಿದ ನಮ್ಮ ಮಕ್ಕಳು ಮುಂದಿಟ್ಟ ಕಾಗದವನ್ನು ಓದದೆ ಸಹಿ ಹಾಕುವುದು ಎಂಥ ಅನ್ಯಾಯ.

ಹಾಗಾದರೆ ಸಂಘ ಸಾಲ ಕೊಡಬೇಕೋ ಬೇಡವೋ? ಮೊದಲು ಒಂದು ವಿಷಯ ತಿಳಿಯಿರಿ. ಈ ಕೆಲಸಕ್ಕೆ ಲಕ್ಷಗಟ್ಟಲೆಯ ತರಬೇತಿಯೇ ಬೇಕಿಲ್ಲ. ದುಬೈಯ ಎಮಿರೇಟ್ಸ್ ಕಂಪನಿ ಕೇಳುವುದು ಇಪ್ಪತ್ತೊಂದು ವರ್ಷ ವಯಸ್ಸು, ಹನ್ನೆರಡನೆಯ ತರಗತಿಯ ಓದು, ಚೆನ್ನಾಗಿ ಬರುವ ಇಂಗ್ಲಿಷ್, ಕನಿಷ್ಠ 160 ಸೆಂಟಿಮೀಟರ್ ಎತ್ತರ, ತುದಿಗಾಲಲ್ಲಿ ನಿಂತರೆ 212 ಸೆಂಟಿಮೀಟರ್ ಎತ್ತರಕ್ಕೆ ಕೈ ಮುಟ್ಟುವುದು, ಹೋಟೆಲ್ಲೋ ಅಂಗಡಿಯೋ ಜನರ ಜೊತೆ ವ್ಯವಹರಿಸುವ ಕಡೆ ಒಂದು ವರ್ಷ ದುಡಿದ ಅನುಭವ. ಆಯ್ಕೆಯಾದವರಿಗೆ ತರಬೇತಿಯನ್ನು ಕಂಪನಿಯೇ ಕೊಡುತ್ತದೆ. ಪಟ್ಟಣದ ತರಬೇತಿ ಕೇಂದ್ರದ ಸರ್ಟಿಫಿಕೇಟಿಗೆ ಅಲ್ಲಿ ಕಿಮ್ಮತ್ತಿಲ್ಲ. ಎತ್ತರ ಸಾಲದ ಹುಡುಗಿಯಿಂದಲೂ ಶುಲ್ಕ ಕಟ್ಟಿಸಿಕೊಂಡು ಕೊನೆಗೆ ಮಾಲ್‌ನಲ್ಲಿ ಬಟ್ಟೆ ಮಾರುವ ಕೆಲಸಕ್ಕೆ ಕಳಿಸಿದ ಕೇಂದ್ರವೊಂದನ್ನು ನಾನೇ ಬಲ್ಲೆ. ಸಂಘದ ಹಣವನ್ನು ಹುಡುಗಿಯ ಇಂಗ್ಲಿಷ್ ಕಲಿಕೆಗೆ ಕೊಡಿ, ಸಂದರ್ಶನಕ್ಕೆ ಹೋಗಿಬರುವ ಖರ್ಚಿಗೆ ಕೊಡಿ. ಬಣ್ಣದ ಕರಪತ್ರಕ್ಕೆ ಕೊಡಬೇಡಿ. ಸಂದರ್ಶನಕ್ಕೇ ಹಣ ಕೇಳುವವನು ಏಜೆಂಟನಲ್ಲ, ಮೋಸಗಾರ.

ಇನ್ನು ಕೆಲಸ ಸಿಕ್ಕಿದರೆ, ಕರಾರಿನ ಪ್ರತಿಯೊಂದು ಸಂಘದ ಕಡತದಲ್ಲಿರಲಿ. ಇಂಗ್ಲಿಷ್ ಬಲ್ಲವರನ್ನು ಕೂರಿಸಿಕೊಂಡು ಸಭೆಯಲ್ಲಿ ಕನ್ನಡದಲ್ಲಿ ಓದಿಸಿ. ನಮ್ಮಂಥ ನಿವೃತ್ತ ಮೇಷ್ಟ್ರುಗಳು ಊರೂರಲ್ಲೂ ಕೆಲಸವಿಲ್ಲದೆ ಕೂತಿದ್ದೇವೆ, ಕರೆಯಿರಿ. ಮದುವೆಯ ಬಗ್ಗೆ ಏನಿದೆ, ಬಸಿರಿನ ಬಗ್ಗೆ ಏನಿದೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಕಾಯಿಲೆ ಬಿದ್ದರೆ ಸಂಬಳವುಂಟೇ, ಎಷ್ಟು ಹೊತ್ತು ವಿಶ್ರಾಂತಿ — ಒಂದೊಂದನ್ನೂ ಕೇಳಿ. ಪಾಸ್‌ಪೋರ್ಟ್ ಹುಡುಗಿಯ ಕೈಯಲ್ಲೇ ಇರಬೇಕು. ಒಡೆಯ ಅದನ್ನು ಇಟ್ಟುಕೊಳ್ಳುವುದು ಕತಾರ್‌ನ ಕಾನೂನಿಗೂ ವಿರುದ್ಧ. ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರು ಅವಳ ತಾಯಿಗೂ ಬಾಯಿಪಾಠವಿರಲಿ.

ಸಂಬಳದ ಮಾತು ಕೊನೆಗೆ ಇಟ್ಟಿದ್ದೇನೆ, ಅದು ಮನೆಮನೆಯಲ್ಲಿ ಜಗಳ ಹಚ್ಚುವ ಮಾತು. ಸಾಲ ಕೊಡುವಾಗ ಸಂಘ ಒಂದು ಷರತ್ತು ಹಾಕಲಿ: ಹುಡುಗಿಯ ಸಂಬಳ ಅವಳ ಹೆಸರಿನ ಖಾತೆಗೇ ಬರಬೇಕು, ಎಟಿಎಂ ಕಾರ್ಡು ಅವಳ ಬಳಿಯೇ ಇರಬೇಕು. ಮನೆಗೆ ಎಷ್ಟು ಕಳಿಸಬೇಕೆಂದು ಅವಳೇ ಗೊತ್ತುಮಾಡಬೇಕು. ಅಪ್ಪನಿಗೆ ಕೊಟ್ಟರೆ ಅದು ಸಾಲವೋ ಸಹಾಯವೋ ಎಂದು ಬರೆದಿಡಬೇಕು. ನಡಾವಳಿ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಲಿ. ಸಂಘದ ಸಾಲ ಪಡೆದ ಮನೆಯವರು ಆ ಹುಡುಗಿಯ ಮದುವೆಯಲ್ಲಿ ವರದಕ್ಷಿಣೆ ಕೊಡುವಂತಿಲ್ಲ, ಅದೇ ಮನೆಯ ಗಂಡುಮಗನ ಮದುವೆಯಲ್ಲಿ ತೆಗೆದುಕೊಳ್ಳುವಂತಿಲ್ಲ. 1961ರಿಂದಲೂ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೇ, ಹೊಸದಾಗಿ ನಾವೇನೂ ಕಾನೂನು ಮಾಡುತ್ತಿಲ್ಲ. ಗಂಡುಮಗನ ಮಾತು ಬಂದಕೂಡಲೇ ಸಭೆಯಲ್ಲಿ ಸದ್ದಡಗುತ್ತದೆ, ನಾನು ಬಲ್ಲೆ. ಸೊರಬದ ಆ ಸಭೆಯಲ್ಲೂ ಅಡಗಿತು. ಸಾಲ ಕೇಳಿದ್ದ ತಾಯಿ ಮಾತ್ರ ಎದ್ದುನಿಂತು, ಬರೆದುಕೊಳ್ಳಿ, ಹೆಬ್ಬೆಟ್ಟಲ್ಲ, ಸಹಿ ಹಾಕುತ್ತೇನೆ ಎಂದರು. ಉಳಿದ ಹದಿಮೂರು ಜನ ಮುಂದಿನ ವಾರ ಹೇಳುತ್ತೇವೆ ಎಂದು ಎದ್ದು ಹೋದರು. ಆ ಮುಂದಿನ ವಾರಕ್ಕೆ ನಾನೂ ಹೋಗುವವಳಿದ್ದೇನೆ.